ಶಾಂತಕುಮಾರನ ಸ್ವಂತ ಮೇಲ್

ಶಹಾಬಾದಿನ ಕಲ್ಯಾಣಪ್ಪ ಸಾವಕಾರರ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಗುಟ್ಟು ಎಂಬ ಪದಾರ್ಥ ಉಳಿಯುತ್ತಿರಲಿಲ್ಲ. ಇಡೀ ಕಾರ್ಖಾನೆಗೆ ಒಂದೇ ಈಮೇಲು; ಕೆಲಸಗಾರರ ಸ್ವಂತ ಮೇಲುಗಳೂ ಅದಕ್ಕೇ ಬರುತ್ತಿದ್ದವು. ಸಾವಕಾರರಿಗೆ ಪರದೆಯ ಮೇಲಿನ ಅಕ್ಷರ ಕಾಣುವುದಿಲ್ಲ. ಹಾಗಾಗಿ ಚಹಾದ ಹೊತ್ತಿಗೆ ಗುಮಾಸ್ತ ಸಂಗಮೇಶ್ವರ ಬಂದ ಮೇಲುಗಳನ್ನೆಲ್ಲ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಲೆಕ್ಕ ಬರೆಯುವ ಶಾಂತಕುಮಾರನನ್ನು ಕೊಡ್ಲಿ ಊರಿನ ಹೆಣ್ಣಿನ ಕಡೆಯವರು ಒಲ್ಲೆ ಅಂದದ್ದು ಕಲ್ಲು ಕೊಯ್ಯುವ ಗುಲಾಮ್ ರಸೂಲನಿಗೆ ಮೊದಲು ತಿಳಿಯಿತು, ಶಾಂತಕುಮಾರನಿಗೆ ಆಮೇಲೆ.

"ಹೋಗ್ಲಿ ಬಿಡ್ರಿ ಶಾಂತಣ್ಣ, ಆ ಹುಡುಗಿ ನಸೀಬದಾಗ ನೀವಿಲ್ಲ," ಎಂದು ಅವನೇ ಸಮಾಧಾನವನ್ನೂ ಹೇಳಿದ.

ಅವತ್ತೇ ಶಾಂತಕುಮಾರ ಪಣ ತೊಟ್ಟ. ದೊಡ್ಡ ಕಂಪನಿಗಳ ಈಮೇಲೂ ಬೇಡ, ಸಾವಕಾರರ ಈಮೇಲೂ ಬೇಡ. ವಿಡಿಯೋ ನೋಡಿ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡು, ಹಳೆಯ ಕಂಪ್ಯೂಟರೊಂದನ್ನು ಮನೆಯ ಮೂಲೆಯಲ್ಲಿಟ್ಟು, ತನ್ನದೇ ಹೆಸರಿನ ವಿಳಾಸ ಕೊಂಡು, ಮೇಲುಗಳು ನೇರ ತನ್ನ ಮನೆಗೇ ಬಂದು ಬೀಳುವಂತೆ ಮಾಡಿದ. ಓದುವವನು ತಾನೊಬ್ಬನೇ. ಆ ವಿಳಾಸದಿಂದಲೇ ಚಿತ್ತಾಪುರದ ಕಾಲೇಜೊಂದರ ಆಫೀಸಿನ ಕೆಲಸಕ್ಕೆ ಗುಟ್ಟಾಗಿ ಅರ್ಜಿ ಹಾಕಿ, ಬೇರೆ ನೆಪ ಹೇಳಿ ಸಾವಕಾರರಿಂದ ಪಡೆದ ಅನುಭವ ಪತ್ರವನ್ನೂ ಜೊತೆಗೆ ಕಳಿಸಿದ. ಫೋನ್ ಬಂದರೆ ನಾಲ್ಕು ಜನ ಕಿವಿಗೊಡುತ್ತಾರೆಂದು ಅರ್ಜಿಯಲ್ಲಿ ಫೋನ್ ನಂಬರನ್ನೇ ಬರೆಯಲಿಲ್ಲ. ಅವನೇ ಮೊದಲ ಆಯ್ಕೆ ಎಂದು ಕಾಲೇಜಿನಿಂದ ಮೇಲ್ ಬಂತು. ನೇಮಕದ ಆದೇಶ ಈ ದಿನ ಬರುತ್ತದೆ, ಸಂಜೆಯೊಳಗೆ ಒಪ್ಪಿಗೆ ಕಳಿಸಬೇಕು.

ಈ ದಿನ ಅಮಾವಾಸ್ಯೆ. ಕಾರ್ಖಾನೆಯಲ್ಲಿ ಮಷೀನು ನಿಲ್ಲಿಸಿ, ವಿಭೂತಿ ಹಚ್ಚಿ, ಕಾಯಿ ಒಡೆದಾಯಿತು. ಶಾಂತಕುಮಾರ ಪ್ರಸಾದ ಬಾಯಿಗೆ ಹಾಕಿಕೊಂಡು ಫೋನಿನಲ್ಲಿ ಮೇಲ್ ತೆರೆಯಲು ಹೋದ. ತೆರೆಯಲಿಲ್ಲ. ಮನೆಯ ಕಂಪ್ಯೂಟರು ಸಿಗುತ್ತಲೇ ಇಲ್ಲ! ತಲೆನೋವೆಂದು ಹೇಳಿ ಗಾಡಿ ಹತ್ತಿದ.

ಮನೆಯಲ್ಲಿ ಕಂಪ್ಯೂಟರು ಮೈತುಂಬ ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು, ಹೊಸ ಅಳಿಯನಂತೆ ಕೂತಿತ್ತು. ಮುಂದೆ ದೀಪ, ಮೇಲೆ ಒಡೆದ ಕಾಯಿಯ ಹೋಳು. ವೈರು ಕಿತ್ತು ಪಕ್ಕಕ್ಕಿಟ್ಟಿತ್ತು.

"ಯವ್ವಾ, ಏನ್ ಮಾಡೀದಿ ಇದು?"

"ಪೂಜಿ ಮಾಡೀನಿ," ಎಂದಳು ತಾಯಿ ಗುರುದೇವಿ. "ನಿಮ್ಮಪ್ಪ ಮೂವತ್ತು ವರ್ಷ ಕಲ್ಲಿನ ಮಷೀನ್ ನಡಿಸ್ಯಾರ. ಒಂದು ಅಮಾಸಿ ಬಿಟ್ಟಿಲ್ಲ. ನಿನ್ನ ಮಷೀನಿಗಿ ಹೊಟ್ಟಿ ಇಲ್ಲೇನು?"

"ವೈರ್ ಯಾಕ ಕಿತ್ತೀ?"

"ನಡಿಯೋ ಮಷೀನಿಗಿ ಯಾರರ ಪೂಜಿ ಮಾಡತಾರೇನೋ ಹುಚ್ಚಪ್ಪ! ದೀಪ ಆರೋತನ ಮುಟ್ಟಬ್ಯಾಡ."

ಶಾಂತಕುಮಾರ ದೀಪವನ್ನೇ ನೋಡುತ್ತ ಕೂತ. ಬತ್ತಿ ಇನ್ನೇನು ಆರಬೇಕು, ಗುರುದೇವಿ ಬಂದು ಇಷ್ಟು ಎಣ್ಣೆ ಹಾಕಿ ಹೋದಳು. ಅವನಿಗೆ ಅಳುವೇ ಬಂತು. ಕೊನೆಗೆ ಅವಳು ಪಕ್ಕದ ಮನೆಗೆ ಪ್ರಸಾದ ಕೊಡಲು ಹೋದಾಗ, ಶಿವನೇ ಕ್ಷಮಿಸು ಎಂದು ದೀಪ ಊದಿ, ವೈರು ಸಿಕ್ಕಿಸಿ ಗುಂಡಿ ಒತ್ತಿದ. ಒಳಗಿನಿಂದ ಕಾಯಿಯ ನೀರು ಸೋರಿತು. ಥೂ! ಬಿಚ್ಚಿ, ಒರೆಸಿ, ಮಾಳಿಗೆಯ ಕಾದ ಫರಸಿಯ ಮೇಲೆ ಹಪ್ಪಳದಂತೆ ಹರವಿ ಒಣಗಿಸಿದ.

ಮತ್ತೆ ಜೋಡಿಸಿ ಹಚ್ಚುವಾಗ ಮೂರು ಗಂಟೆ ದಾಟಿತ್ತು. ಕಂಪ್ಯೂಟರಿನ ಬಾಗಿಲು ಮುಚ್ಚಿದ್ದರೂ ಮೇಲ್ ಮತ್ತೆ ಮತ್ತೆ ಬಂದು ತಟ್ಟುತ್ತದೆ ಎಂದು ವಿಡಿಯೋದವನು ಹೇಳಿದ್ದು ಸುಳ್ಳಾಗಲಿಲ್ಲ. ಆದೇಶ ಬಂದೇಬಿಟ್ಟಿತು! 'ಒಪ್ಪಿದ್ದೇನೆ' ಎಂದು ಬರೆದು ಕಳಿಸಿ, ಮುಖ ತೊಳೆದುಕೊಂಡು, ಕಾರ್ಖಾನೆಗೆ ಹೋದ. ಇನ್ನು ಸಾವಕಾರರಿಗೆ ತಾನೇ ಹೇಳಿದರಾಯಿತು ಎಂಬ ಧೈರ್ಯ ಬಂದಿತ್ತು.

"ಬಾ ತಮ್ಮಾ, ಕುಂದ್ರು," ಎಂದರು ಸಾವಕಾರರು. "ಚಿತ್ತಾಪುರ ಕಾಲೇಜಿನವರ ಮೇಲ್ ಬಂದಿತ್ತು. ನಿನ್ನ ವಿಳಾಸಕ್ಕ ಮುಟ್ಟವಲ್ದಂತ. ನಾ ಕೊಟ್ಟ ಅನುಭವ ಪತ್ರದ ಮ್ಯಾಲ ನಮ್ಮ ವಿಳಾಸ ಇತ್ತಲ್ಲ, ಇಲ್ಲಿಗೇ ಕಳಿಸ್ಯಾರ. ಸಂಗಮೇಶ ಎಲ್ಲರ ಮುಂದ ಓದಿದ."

ಶಾಂತಕುಮಾರ ಕೂತಲ್ಲಿಂದ ಅರ್ಧ ಎದ್ದ. "ಆಮ್ಯಾಲರಿ?"

"ಅವರಿಗಿ ಇಲ್ಲ ಅನ್ಲಾಕ ನಿನಗ ಸಂಕೋಚ ಆಗಬಾರದಂತ 'ಹುಡುಗ ಬರಂಗಿಲ್ಲ' ಅಂತ ನಾನೇ ಜವಾಬ ಕೊಡಿಸೀನಿ. ಸಂಗಮೇಶ ಭಾಳ ಹುರುಪಿಲೆ ಬರದ. ಪಾಪ, ಈಗ ಹೊಟ್ಟಿನೋವಂತ ಮನಿಗಿ ಹೋಗ್ಯಾನ."

ಶಾಂತಕುಮಾರ ಹೊರಗೋಡಿ ಕಾಲೇಜಿಗೆ ಫೋನ್ ಹಚ್ಚಿದ. "ನಿಮ್ಮ ಒಪ್ಪಿಗಿ ಬಂದಿಲ್ಲಲ್ರಿ," ಎಂದ ಅಲ್ಲಿಯ ಗುಮಾಸ್ತ. "ತಡೀರಿ... ಹಾಂ, ಕಸದ ಡಬ್ಬ್ಯಾಗ ಬಿದ್ದದ. ಗುರ್ತಿಲ್ಲದ ವಿಳಾಸ ನೋಡ್ರಿ, ನಮ್ಮ ಕಂಪ್ಯೂಟರ್ ನಂಬಿಲ್ಲ. ಆದ್ರ ತಡ ಆತು, ನೀವು ಬರಂಗಿಲ್ಲಂತ ಮೊದಲೇ ಜವಾಬ ಬಂದಿತ್ತು. ಎರಡನೇ ನಂಬರಿನವರು ಒಪ್ಪ್ಯಾರ."

ಜೋಲು ಮುಖ ಹೊತ್ತು ಒಳಗೆ ಬಂದರೆ ಚಹಾ ಬಂದಿತ್ತು. ಕಂಪ್ಯೂಟರು ಟಿಣ್ ಎಂದಿತು.

"ಸಂಗಮೇಶ ಇಲ್ಲ, ನೀನೇ ಓದು," ಎಂದರು ಸಾವಕಾರರು.

ಶಾಂತಕುಮಾರ ಓದಿದ: "ಶ್ರೀ ಸಂಗಮೇಶ್ವರ ಅವರಿಗೆ, ನಿಮ್ಮ ಒಪ್ಪಿಗೆ ತಲುಪಿದೆ. ಸೋಮವಾರ ಚಿತ್ತಾಪುರದ ನಮ್ಮ ಕಾಲೇಜಿಗೆ ಬಂದು ಹಾಜರಾಗಬೇಕು..."

ಚಹಾ ಕುಡಿಯುವವರೆಲ್ಲ ಕಪ್ಪು-ಬಸಿ ಕೆಳಗಿಟ್ಟರು.

"ಅರೇ! ನಮ್ಮೆಲ್ಲರ ಮೇಲ್ ಓದಿದ, ತನ್ನದು ಮಾತ್ರ ಒಂದೂ ಓದಲಿಲ್ಲ ನೋಡ್ರಿ!" ಎಂದ ಗುಲಾಮ್ ರಸೂಲ್.

ಸಾವಕಾರರು ಸಂಗಮೇಶ್ವರನ ಖಾಲಿ ಕುರ್ಚಿಯನ್ನು ಶಾಂತಕುಮಾರನ ಕಡೆ ನೂಕಿದರು.

"ಹೋದ್ರ ಹೋಗ್ಲಿ. ನಾಳಿಂದ ಓದೋದು ನೀನೇ. ಜರಾ ಗಟ್ಟಿ ಓದಪ್ಪ, ಹಿಂದ ಕುಂತವರಿಗೂ ಕೇಳಬೇಕು."