ತಂತಿಯಣ್ಣನ ಬಂದೋಬಸ್ತು

ಕೌಂಟರಿನ ಅಕ್ಕ ಮೊಮ್ಮಗಳ ಮೇಲಿನ ಅಕ್ಕರೆಗೆ ವೈಫೈ ಹೆಸರನ್ನು ‘ಪುಟಾಣಿ’ ಎಂದು ಬದಲಿಸಿದ್ದೇ ತಡ, ರಕ್ತಪರೀಕ್ಷೆ, ಎಕ್ಸ್-ರೇ ಕೇಂದ್ರದ ಯಂತ್ರಗಳೆಲ್ಲ ಹಳೆಯ ಹೆಸರನ್ನು ಹುಡುಕುತ್ತ, ಸಂತೆಯಲ್ಲಿ ತಾಯಿ ಕೈ ತಪ್ಪಿಸಿಕೊಂಡ ಮಕ್ಕಳಂತೆ ಕಣ್ಣು ಪಿಳಿಪಿಳಿ ಬಿಡತೊಡಗಿದವು.

“ರೂಟರಿನ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಾ?” ಡಾಕ್ಟರಮ್ಮ ಗುಡುಗಿದರು. “ನಾಲ್ಕು ಗಂಟೆಗೆ ಮುಖ್ಯ ಕಚೇರಿಯಿಂದ ತಪಾಸಣೆಗೆ ಬರ್ತಾರೆ. ಅಷ್ಟರಲ್ಲಿ ಯಾರು ಏನು ಮುಟ್ಟಬಹುದು, ಏನು ಮುಟ್ಟಬಾರದು, ಎಲ್ಲ ಸರಿಮಾಡಿ. ಇಲ್ಲಾಂದ್ರೆ ನಿಮ್ಮ ಕೆಲಸ ಖಾಯಂ ಆಗೋದನ್ನ ಮರೆತುಬಿಡಿ.”

ಹಾಗೆ ಬೈಸಿಕೊಂಡವನು ತಂತಿಯಣ್ಣ. ತಂತಿಯಷ್ಟೇ ತೆಳ್ಳಗಿದ್ದು, ಕೇಂದ್ರದ ತಂತಿಗಳನ್ನೆಲ್ಲ ಒಬ್ಬನೇ ನೋಡಿಕೊಳ್ಳುತ್ತಿದ್ದ. ಕೆಲಸದಲ್ಲಿ ಅಪ್ಪಟ ಬಂಗಾರ. ಆರು ವರ್ಷದಲ್ಲಿ ಒಂದು ರಿಪೋರ್ಟೂ ಅವನ ದೆಸೆಯಿಂದ ತಡವಾಗಿರಲಿಲ್ಲ. ಯಾರಿಗೂ ಇಲ್ಲ ಅನ್ನಲು ಬಾಯಿ ಬಾರದು, ಅದೊಂದೇ ಕೊರತೆ.

ಯಂತ್ರಗಳನ್ನು ದಾರಿಗೆ ತಂದು, ಊಟ ಬಿಟ್ಟು ರೂಟರಿನ ನಿಯಮ ಬರೆಯಲು ಕುಳಿತ. ಕೌಂಟರಿನವರು ನೋಡಬಹುದು, ಬದಲಿಸುವಂತಿಲ್ಲ. ಲ್ಯಾಬಿನವರಿಗೆ ಲ್ಯಾಬಿನ ಭಾಗ ಮಾತ್ರ. ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಪಾಸ್‌ವರ್ಡು. ಅಕ್ಕಸಾಲಿಗ ಹರಳು ಕೂರಿಸುವ ನಾಜೂಕು! ಅಷ್ಟರಲ್ಲಿ ಬಾಗಿಲಲ್ಲಿ ಸಾಲು ಬೆಳೆಯಿತು.

“ಬರೀ ಹೆಸರು ಬದಲಿಸೋಕೆ ಬಿಡಪ್ಪ, ನೀನು ನನ್ನ ತಮ್ಮ ಇದ್ದ ಹಾಗಲ್ವಾ?” ಅಂದಳು ಅಕ್ಕ.

“ನೀನು ರಜಾ ಹಾಕಿದ ದಿನ ಯಾರಪ್ಪ ಗತಿ? ನನಗೆ ಪೂರ್ತಿ ಕೊಡು,” ಅಂದ ಎಕ್ಸ್-ರೇ ತೆಗೆಯುವವನು.

ಕಾವಲುಗಾರ ಮೀಸೆ ತಿರುವಿದ. “ಇಡೀ ಕಟ್ಟಡ ಕಾಯೋನು ನಾನು. ಅಂಗೈಯಗಲದ ಆ ಪೆಟ್ಟಿಗೆ ಕಾಯಲಾರೆನಾ?”

ಒಬ್ಬೊಬ್ಬರಿಗೂ ಕೈಮುಗಿದು ಸಾಗಹಾಕುತ್ತಲೇ ತಂತಿಯಣ್ಣ ಕೊನೆಯ ನಿಯಮ ಬರೆದ: ರೂಟರಿನೊಳಗೆ ಹೋಗಲು ತನ್ನ ಕಂಪ್ಯೂಟರಿಗೊಂದೇ ದಾರಿ. ಅದರ ಸಂಖ್ಯೆ ಹನ್ನೆರಡು. ಬೆರಳು ಒತ್ತಿದ್ದು ಇಪ್ಪತ್ತೊಂದು.

‘ನಿಮಗೆ ಪ್ರವೇಶವಿಲ್ಲ’ ಎಂದಿತು ಪರದೆ.

ಇಪ್ಪತ್ತೊಂದನೆಯ ಕಂಪ್ಯೂಟರೇ ಆ ಕಟ್ಟಡದಲ್ಲಿರಲಿಲ್ಲ. ಉಳಿದಿದ್ದು ಒಂದೇ ಉಪಾಯ, ರೂಟರ್ ಪೆಟ್ಟಿಗೆಯ ಹಿಂದಿನ ತೂತಿಗೆ ಪಿನ್ನು ಚುಚ್ಚುವುದು. ಚುಚ್ಚಿದರೆ ಅದು ಎಲ್ಲ ಮರೆತು ಹೊಸದರಂತಾಗಿ, ದಿನವಿಡೀ ಮಾಡಿದ್ದೆಲ್ಲ ನೀರಲ್ಲಿ ಹೋಮ. ಪಿನ್ನು ಹಿಡಿದು ನಿಂತಿದ್ದಾಗಲೇ ತಪಾಸಣೆಯವರು ಒಳಗೆ ಬಂದರು.

ಅವರು ಒಂದು ಗಂಟೆ ತಮ್ಮ ಲ್ಯಾಪ್‌ಟಾಪಿನಿಂದ ರೂಟರಿನೊಳಗೆ ನುಗ್ಗಲು ಏನೇನೋ ಪಟ್ಟು ಹಾಕಿದರು. ಕೋಟು ಬಿಚ್ಚಿದರು, ತೋಳು ಮಡಚಿದರು. ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಕೊನೆಗೆ ಎದ್ದು ತಂತಿಯಣ್ಣನ ಕೈ ಹಿಡಿದು ಕುಲುಕಿದರು.

“ಇಪ್ಪತ್ತು ವರ್ಷದಲ್ಲಿ ಇಂಥ ಬಂದೋಬಸ್ತು ನೋಡಿಲ್ಲ ಮಾರಾಯ್ರೆ!”

“ಸರ್, ನಿಜ ಹೇಳ್ಬೇಕಂದ್ರೆ ನಾನೂ…”

“ವಿನಯ ಬೇಡ್ರೀ! ಡಾಕ್ಟರೇ, ಇವರ ಕೆಲಸ ಖಾಯಂ ಮಾಡಿ.”

ಡಾಕ್ಟರಮ್ಮನ ಮುಖ ಅರಳಿತು. ಅಕ್ಕ ಚಪ್ಪಾಳೆ ತಟ್ಟಿದಳು. ಕಾವಲುಗಾರ ಸೆಲ್ಯೂಟ್ ಹೊಡೆದ. ತಂತಿಯಣ್ಣನ ಎದೆಗೂ ಅಷ್ಟು ಹೊತ್ತಿನ ಮೇಲೆ ಒಂದಿಷ್ಟು ಗಾಳಿ ಹೋಯಿತು.

“ನಮ್ಮ ಹನ್ನೊಂದು ಶಾಖೆಗೂ ಇದನ್ನೇ ಹಾಕಿಸ್ತೀನಿ,” ಎಂದ ತಪಾಸಣೆಯವರು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕುಳಿತರು. “ಹೂಂ, ರೂಟರಿನ ಒಳಗೆ ಹೋಗಿ ಈ ನಿಯಮಗಳದ್ದೊಂದು ನಕಲು ತೆಗೀರಿ. ನಾನು ನೋಡಿ ಕಲೀತೀನಿ.”