ಮಾವನ ‘ಏರಿಳಿತ’ ಉಳಿಸಿದ ಅಳಿಯ

ಅಳಿಯಂದಿರ ಮನೆಯ ಕಂಪ್ಯೂಟರು ಬೆಳಿಗ್ಗೆ ಗುಂಡಿ ಒತ್ತಿದರೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಡುತ್ತಿತ್ತು. ಬಿಟ್ಟ ಮೇಲೂ ಆಕಳಿಸಿ ಮೈಮುರಿದು ಏಳಲು ಇನ್ನಷ್ಟು ಹೊತ್ತು. “ಅದರೊಳಗಿರೋ ಆಪರೇಟಿಂಗ್ ಸಿಸ್ಟಂ ಭಾರ ಆಗಿದೆ. ಪಕ್ಕದಲ್ಲೇ ಹಗುರವಾದದ್ದು ಇನ್ನೊಂದು ಹಾಕ್ಕೊಳ್ಳಿ, ಎರಡೂ ಇರಲಿ” ಎಂದು ಗೆಳೆಯನೊಬ್ಬ ಹೇಳಿದ್ದೇ ತಡ, ಅಳಿಯಂದಿರು ರಜೆಯ ದಿನ ಸೊಂಟ ಕಟ್ಟಿ ಕೂತರು.

ಅವರಿಗೆ ಹೆಸರಿರಲಿಲ್ಲವೆಂದಲ್ಲ. ಹೆಂಡತಿಯ ತವರಿನಲ್ಲೇ ವಾಸವಾದ್ದರಿಂದ ಕಟ್ಟಡಕ್ಕೆ ಕಟ್ಟಡವೇ ಅವರನ್ನು ಅಳಿಯಂದಿರು ಎನ್ನುತ್ತಿತ್ತು. ಕೊನೆಗೆ ಅವರು ಕೆಲಸ ಮಾಡುವ ಕನ್ನಡಕದಂಗಡಿಯ ಮಾಲೀಕರೂ ಅದನ್ನೇ ರೂಢಿ ಮಾಡಿಕೊಂಡಿದ್ದರು.

ಕೆಲಸ ಕೇಳಲು ಸುಲಭದ್ದು. ಡಿಸ್ಕಿನಲ್ಲಿ ಕಾಲು ಚಾಚಿ ಮಲಗಿರುವ ಹಳೆಯ ಸಿಸ್ಟಮ್ಮನ್ನು ಸಾಮಾನು ಸಮೇತ ಒಂದು ಬದಿಗೆ ಸರಿಸಿ, ನಡುವೆ ಗೋಡೆ ಎಬ್ಬಿಸಿ, ಉಳಿದ ಜಾಗವನ್ನು ಹೊಸಬನಿಗೆ ಕೊಡುವುದು. ‘ಮೊದಲು ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ನಡುವೆ ಕರೆಂಟು ಹೋಗದಂತೆ ನೋಡಿಕೊಳ್ಳಿ’ ಎಂದು ಪರದೆಯ ಮೇಲೆ ಕೆಂಪಕ್ಷರ ಬಂತು. ಔಷಧದ ಶೀಶೆಯ ಚೀಟಿಯನ್ನು ನಾವೆಲ್ಲ ಓದುವಷ್ಟೇ ಶ್ರದ್ಧೆಯಿಂದ ಅಳಿಯಂದಿರು ಅದನ್ನು ಓದಿ, ‘ಮುಂದೆ’ ಒತ್ತಿದರು. ನೀಲಿ ಪಟ್ಟಿಯೊಂದು ಬಸವನಹುಳುವಿನಂತೆ ತೆವಳತೊಡಗಿತು. ಅದು ಅರ್ಧ ದಾರಿ ಸವೆಸಿದಾಗ ಅವರು ಕಾಫಿಗೆಂದು ಅಡುಗೆಮನೆಗೆ ಹೋದರು.

ಅಷ್ಟರಲ್ಲಿ ಎದುರುಮನೆಯ ಹೊಲಿಗೆಯಕ್ಕ ಬಂದಳು. ಅವಳ ಮನೆಯಲ್ಲಿ ಫ್ಯೂಸು ಹೋಗಿತ್ತು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಹೆಗಲ ಮೇಲೆ ಯಾರದೋ ಕೋಟು.

ಅಳಿಯಂದಿರು ಲೋಟ ಹಿಡಿದು ಬಂದಾಗ ಕೋಟಿನಿಂದ ಹಬೆ ಏಳುತ್ತಿತ್ತು, ಪರದೆ ಕಪ್ಪಾಗಿತ್ತು.

“ಅಕ್ಕಾ! ಪ್ಲಗ್ಗು?”

“ಯಾವುದೋ ಸುಮ್ನೆ ಚುಚ್ಕೊಂಡಿತ್ತು ಅಳಿಯಂದ್ರೇ, ತೆಗೆದೆ. ಒಂದು ತೋಳು ಮಾತ್ರ ಬಾಕಿ, ಮುಗಿಸಿ ಕೊಟ್ಟುಬಿಡ್ತೀನಿ.”

ತೋಳು ಮುಗಿಯಿತು. ಕಂಪ್ಯೂಟರೂ ಮುಗಿದಂತೆಯೇ ಕಂಡಿತು. ಎಷ್ಟು ಸಲ ಒತ್ತಿದರೂ ‘ಡಿಸ್ಕನ್ನು ಓದಲಾಗುತ್ತಿಲ್ಲ’ ಎಂಬ ಒಂದೇ ಸಾಲು. ಆ ಡಿಸ್ಕಿನೊಳಗೆ ಮಾವನವರ ಆತ್ಮಕಥೆ ಇತ್ತು.

ಮಾವನವರು ಲಿಫ್ಟ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ತಾವು ತಪಾಸಣೆ ಮಾಡಿದ ಒಂದೊಂದು ಲಿಫ್ಟಿಗೂ ಒಂದೊಂದು ಅಧ್ಯಾಯ ಮೀಸಲಿಟ್ಟು ಬರೆಯುತ್ತಿದ್ದ ಆ ಗ್ರಂಥಕ್ಕೆ ‘ಏರಿಳಿತ’ ಎಂದು ಹೆಸರಿಟ್ಟಿದ್ದರು. ದಿನಾ ಸಂಜೆ ನಡುಮನೆಯಲ್ಲಿ ವಾಚನ. ಮನೆಯವರೂ ಅಕ್ಕಪಕ್ಕದವರೂ ತಪ್ಪದೆ ಕೂತು ಕೇಳುತ್ತಿದ್ದರು. ಅವತ್ತು ಮಾವನವರು ಯಾವುದೋ ಕಟ್ಟಡಕ್ಕೆ ಹೊಸ ಲಿಫ್ಟು ಬಂದಿದೆಯೆಂದು ನೋಡಲು ಹೋಗಿದ್ದರು. ಸಂಜೆಗೆ ವಾಪಸು.

“ರೀ, ಅಪ್ಪನ ಪುಸ್ತಕ?” ಹೆಂಡತಿ ಮೆಲ್ಲಗೆ ಕೇಳಿದಳು.

“ಹೋಗಿರಬಹುದು ಕಣೇ” ಎಂದ ಅಳಿಯಂದಿರ ದನಿ ಬಾವಿಯ ತಳದಿಂದ ಬಂತು.

ಅವಳು ಕೂಗಾಡಲಿಲ್ಲ. “ಪೂರ್ತಿಯಾ?” ಎಂದಷ್ಟೇ ಕೇಳಿದಳು. “ಬಿಡಿ. ನೀವೇನು ಬೇಕೂಂತ ಮಾಡಿದ್ರಾ? ಬಿಸಿಬಿಸಿ ಊಟ ಇದೆ, ಬನ್ನಿ.” ಮದುವೆಯಾದಾಗಿನಿಂದ ಇಂಥ ಕ್ಷಮಾಗುಣವನ್ನು ಕಾಣದ ಅಳಿಯಂದಿರ ಕಣ್ಣು ಒದ್ದೆಯಾಯಿತು. ಇಂಥವಳಿಗಾದರೂ ಪುಸ್ತಕ ಉಳಿಸಿಕೊಡಬೇಕು ಎಂದು ಊಟ ಬಿಟ್ಟರು.

ಸುದ್ದಿ ಮೆಟ್ಟಿಲು ಹತ್ತಿತು. ಮಹಡಿಯ ವಿಮೆ ಏಜೆಂಟರು ಇಳಿದು ಬಂದು ಭುಜ ತಟ್ಟಿದರು. “ಹೋದದ್ದು ಹೋಯ್ತು ಅಳಿಯಂದ್ರೇ. ಕೆದಕಬೇಡಿ. ಯಂತ್ರಕ್ಕೂ ನೆಮ್ಮದಿಯಾಗಿ ಪ್ರಾಣ ಬಿಡೋ ಹಕ್ಕಿದೆ.”

“ನನ್ನಿಂದಲೇ ಆಗಿದ್ದು” ಎಂದು ಹೊಲಿಗೆಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಅಳಿಯಂದಿರೇ ಅವಳಿಗೆ ಸಮಾಧಾನ ಹೇಳಿದರು.

ಹೊಸ ಸಿಸ್ಟಂ ತುಂಬಿಟ್ಟಿದ್ದ ಪೆನ್‌ಡ್ರೈವ್ ಚುಚ್ಚಿ ಅದರಿಂದಲೇ ಯಂತ್ರ ಎಬ್ಬಿಸಿದರು. ಡಿಸ್ಕು ಕಂಡಿತು, ತೆರೆಯಲಿಲ್ಲ. ಗೆಳೆಯನಿಗೆ ಫೋನು ಹಚ್ಚಿ, ಅವನು ಹೇಳಿದ ಆಜ್ಞೆಗಳನ್ನು ಒಂದೊಂದಾಗಿ ಕುಟ್ಟಿದರು. ದುರಸ್ತಿ ಶುರುವಾಯಿತು. ಹಿಂದೆ ಸಾಲಾಗಿ ನಿಂತ ಮೂವರೂ ಉಸಿರು ಬಿಗಿಹಿಡಿದಿದ್ದರು.

“ಆಗಲ್ಲ ಅಲ್ವಾ?” ಏಜೆಂಟರು ಕೇಳಿದರು.

“ಆಗಲೇಬೇಕು ಸಾರ್!”

“ಅದೂ ಸರಿ” ಎಂದು ಏಜೆಂಟರು ಒಂದು ಹೆಜ್ಜೆ ಹಿಂದೆ ಸರಿದರು.

ಬಿಸಿಲು ಕಿಟಕಿಯಿಂದ ಇಳಿದು ಗೋಡೆ ಸೇರುವ ಹೊತ್ತಿಗೆ ಪರದೆಯ ಮೇಲೆ ಕಡತಗಳು ಒಂದೊಂದಾಗಿ ಮೂಡಿದವು. ‘ಏರಿಳಿತ’ ತೆರೆಯಿತು. ಮೊದಲ ಪುಟ, ನಡುವಿನ ಪುಟ, ಕೊನೆಯ ಪುಟ; ಒಂದಕ್ಷರವೂ ಕದಲಿರಲಿಲ್ಲ. ಅಳಿಯಂದಿರು ಥಟ್ಟನೆ ಅದನ್ನು ಬೇರೊಂದು ಪೆನ್‌ಡ್ರೈವಿಗೆ ನಕಲು ಮಾಡಿ ಜೇಬಿಗಿಳಿಸಿ, “ಬಂತು! ಎಲ್ಲಾ ಬಂತು!” ಎಂದು ಕುರ್ಚಿಯಿಂದ ಹಾರಿದರು. ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎತ್ತಿಟ್ಟಂತಾಯಿತು. ಹೋದ ಜೀವ ಬಂದಂತಾಯಿತು.

ಹಿಂದೆ ನಿಂತ ಮೂವರೂ ಮುಖ ಮುಖ ನೋಡಿಕೊಂಡರು.

“ಎಲ್ಲಾನಾ?” ಹೊಲಿಗೆಯಕ್ಕ ಕೇಳಿದಳು. “ಆ ಆಸ್ಪತ್ರೆ ಲಿಫ್ಟಿನ ಅಧ್ಯಾಯಾನೂ?”

“ಅದೂ!”

ಏಜೆಂಟರು ನಿಟ್ಟುಸಿರಿಟ್ಟು, ಸಾವಿನ ಮನೆಯಿಂದ ಹೊರಟವರಂತೆ ಚಪ್ಪಲಿ ಮೆಟ್ಟಿ ಹೊರಟರು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಜನ್ಮದಲ್ಲಿ ಒಂದು ಒಳ್ಳೇ ಕೆಲಸ ತಾನಾಗೇ ಆಗಿತ್ತು ನಿಮ್ಮ ಕೈಯಲ್ಲಿ. ಅದನ್ನೂ ಕೆಡಿಸಿದ್ರಿ. ದಿನಾ ಸಂಜೆ ಆ ಪುರಾಣ ಕೇಳಿ ಕೇಳಿ ನಮಗೆಲ್ಲ ಕಿವಿ ತೂತು ಬಿದ್ದಿದೆ, ಗೊತ್ತಾ?”

“ಮೊದಲೇ ಹೇಳಬಾರದಿತ್ತೇನೇ!”

“ಅಪ್ಪನ ಮೇಲೆ ನಾನೇ ಹೇಗ್ರೀ ಹೇಳಲಿ?”

ಆದರೂ ಅಳಿಯಂದಿರಿಗೆ ಬೇಸರವಾಗಲಿಲ್ಲ. ಯಾರು ಏನಂದರೂ ಸಂಜೆ ಮಾವನವರ ಮುಖ ನೋಡಬೇಕಾದವರು ಅವರು. ಆ ಮುಖವನ್ನು ಈಗ ನಿರಾತಂಕವಾಗಿ ನೋಡಬಹುದು. ತಣ್ಣಗಾದ ಊಟವನ್ನು ಎರಡು ಸಲ ಹಾಕಿಸಿಕೊಂಡು ಉಂಡರು.

ಮಾವನವರು ಬಂದವರೇ ಅಳಿಯಂದಿರ ಎರಡೂ ಕೈ ಹಿಡಿದುಕೊಂಡರು.

“ನಿಮಗೊಂದು ನಿಜ ಹೇಳ್ತೀನಿ. ಇವತ್ತು ಆ ಹೊಸ ಲಿಫ್ಟಿನ ಮುಂದೆ ನಿಂತಾಗ ನನಗೇ ಅನ್ನಿಸ್ತು, ಸಾಕು ಈ ಬರವಣಿಗೆ ಅಂತ. ಪಾಪ, ಇವರೆಲ್ಲ ಮುಲಾಜಿಗೆ ಬಿದ್ದು ಕೇಳ್ತಿದ್ದಾರೆ, ಎಲ್ಲಾ ಅಳಿಸಿ ಹಾಕಿಬಿಡೋಣ ಅಂತ ತೀರ್ಮಾನ ಮಾಡ್ಕೊಂಡೇ ಬಂದೆ.”

ಬಾಗಿಲ ಸಂದಿಯಲ್ಲಿ ಹೊಲಿಗೆಯಕ್ಕನ ಮುಖ ಅರಳಿತು. ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು.

“ಮೆಟ್ಟಿಲಲ್ಲಿ ಏಜೆಂಟರು ಸಿಕ್ಕಿದ್ರು. ನೀವು ಊಟ ಬಿಟ್ಟು ಒದ್ದಾಡಿ ನನ್ನ ಪುಸ್ತಕ ಉಳಿಸಿದ್ದು ಹೇಳಿದ್ರು. ಹೇಳ್ತಾ ಹೇಳ್ತಾ ಅವರ ಕಣ್ಣಲ್ಲೇ ನೀರು!” ಮಾವನವರು ಅಳಿಯಂದಿರನ್ನು ಕೈಹಿಡಿದೇ ಕಂಪ್ಯೂಟರಿನ ಮುಂದೆ ಕೂರಿಸಿದರು. “ಇಂಥ ಅಭಿಮಾನಿಗಳನ್ನ ನಿರಾಸೆ ಮಾಡೋಕಾಗುತ್ತಾ? ಎರಡನೇ ಸಂಪುಟ ಇವತ್ತೇ ಶುರು. ನೀವು ಟೈಪ್ ಮಾಡಿ, ನಾನು ಹೇಳ್ತಾ ಹೋಗ್ತೀನಿ. ಎಸ್ಕಲೇಟರ್ ಬಗ್ಗೆ ನಾನಿನ್ನೂ ಬಾಯೇ ಬಿಟ್ಟಿಲ್ಲ.”