ಹಾಯಿದೋಣಿಯಲ್ಲಿ ಮೂರು ದಿನದ ಸಂಸಾರ

ಬಿಡದಿ ಕಡೆ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ನಾನು ಅಂಥದೊಂದರಲ್ಲಿ ಸ್ಟೋರ್ ಕೀಪರ್. ಸೈರನ್ ಕೇಳಿ ಕೇಳಿ ತಲೆ ಕೆಟ್ಟು ಒಂದು ಮಹಾ ನಿರ್ಧಾರ ಕೈಗೊಂಡೆ: ಹಾಯಿದೋಣಿಯಲ್ಲಿ ಕಣ್ವ ಜಲಾಶಯದ ಆಚೆ ಮೂಲೆಗೆ ಹೋಗಿ, ದಡದ ಹಂಗಿಲ್ಲದೆ ಮೂರು ದಿನ ನೀರಿನ ಮೇಲೇ ಇರುವುದು! ಸಾಮಾನು ಜೋಡಿಸುವುದರಲ್ಲಿ ನನ್ನನ್ನು ಮೀರಿಸುವವರುಂಟೆ? ಈಜು ಬಾರದೆಂಬುದು ಸಣ್ಣ ವಿಷಯ.

ಗುಜರಿಯಲ್ಲಿ ಹಳೇ ಫೈಬರ್ ದೋಣಿ ಸಿಕ್ಕಿತು. ಹಾಯಿಗೆ ‘ಸೈಟುಗಳು ಮಾರಾಟಕ್ಕಿವೆ’ ಎಂಬ ಫ್ಲೆಕ್ಸ್. ಗ್ಯಾಸ್ ಒಲೆ, ಬ್ಯಾಟರಿ, ರಾಗಿಹಿಟ್ಟು, ಡ್ರಮ್ ತುಂಬ ಕುಡಿಯುವ ನೀರು. ಲಂಗರಿಗೆ ಅಜ್ಜಿ ಕಾಲದ ರಾಗಿ ಬೀಸುವ ಕಲ್ಲು.

"ನಿಮ್ಮೊಬ್ರನ್ನೇ ಕಳ್ಸಿ ಮನೇಲಿ ಕೂತ್ಕಂಡು ಹೆದ್ರಕಾಗಕ್ಕಿಲ್ಲ" ಎಂದು ಹೆಂಡತಿ ಜಯಮ್ಮನೂ ಹತ್ತಿದಳು.

ಪೂಜೆಯಿಲ್ಲದೆ ಹೊಸ ಗಾಡಿ ಹೊರಡುವುದುಂಟೆ? ನಿಂಬೆಹಣ್ಣು ಇಡೋಣವೆಂದರೆ ದೋಣಿಗೆ ಚಕ್ರವಿಲ್ಲ! ಕರ್ಪೂರ ಬೆಳಗಿ, ದೋಣಿಯೊಳಗಿದ್ದ ಕಲ್ಲಿಗೇ ತೆಂಗಿನಕಾಯಿಯನ್ನು ಬಲವಾಗಿ ಅಪ್ಪಳಿಸಿದೆ. ‘ಚಟಾರ್’ ಎಂದಿತು. ಒಳ್ಳೇ ಶಕುನವೆಂದು ಕೈಮುಗಿದೆ.

ಹಾಯಿ ಗಾಳಿ ಹಿಡಿಯಿತು. ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದವನು ಕೂಗಿದ: "ಲೇ, ನೀರೊಳ್ಗೂ ಸೈಟ್ ಮಾಡ್ಬುಟ್ರೇನ್ಲಾ?"

ನಡುನೀರಿಗೆ ಬಂದಾಗ ಪಾದ ತಣ್ಣಗಾಯಿತು.

"ರೀ, ನೀರು ಬತ್ತಾ ಐತೆ!"

"ಕಾಯಿ ನೀರು ಕಣೇ."

"ಒಂದು ಕಾಯಲ್ಲಿ ಇಷ್ಟು ನೀರಾ?"

ಹಿಮ್ಮಡಿ ಮುಳುಗಿತು. ಭಾರ ಇಳಿಸಬೇಕು! ಕಲ್ಲನ್ನೆತ್ತಿ ನೀರಿಗೆಸೆದೆ. ಆಗ ಗೊತ್ತಾಯಿತು, ತೆಂಗಿನಕಾಯಿ ಏಟಿಗೆ ಬಿರಿದ ದೋಣಿಯ ತಳವನ್ನು ಇಷ್ಟು ಹೊತ್ತು ಮುಚ್ಚಿದ್ದೇ ಆ ಕಲ್ಲು! ನೀರು ಬುಗ್ಗೆಯಂತೆ ಉಕ್ಕಿತು.

"ಜಯಾ, ನಂಗೆ ಈಜು ಬರಕ್ಕಿಲ್ಲ ಕಣೇ! ನಾನ್ ಸತ್ತೆ!" ಎಂದು ಅತ್ತೇಬಿಟ್ಟೆ.

ಅರ್ಕಾವತಿ ದಂಡೆಯಲ್ಲಿ ಈಜಿ ಬೆಳೆದ ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರಮ್ಮಿನ ನೀರು ಹೊರಗೆ ಚೆಲ್ಲತೊಡಗಿದಳು.

"ಚೆಲ್ಬ್ಯಾಡ್ವೇ! ಮೂರು ದಿನ ಕುಡಿಯಕ್ಕೆ ಬೇಕು!" ಎಂದು ಅರಚಿದೆ. ಸ್ಟೋರ್ ಕೀಪರ್ ಬುದ್ಧಿ!

"ಬಾಯ್ ಮುಚ್ಕಂಡು ಇದ್ನ ತಬ್ಕಳಿ!" ಎಂದು ಖಾಲಿ ಡ್ರಮ್ಮಿನ ಮುಚ್ಚಳ ಬಿಗಿದು ನನ್ನ ಎದೆಗೆ ಒತ್ತಿದಳು.

ದೋಣಿ ಸೈಟುಗಳ ಸಮೇತ ಮುಳುಗಿತು. ಅವಳು ಈಜುತ್ತಾ ಡ್ರಮ್ಮನ್ನು ತಳ್ಳಿದಳು. ನಾನು ಕಣ್ಣು ಮುಚ್ಚಿ, ಗೊತ್ತಿರುವ ದೇವರನ್ನೆಲ್ಲ ಕರೆಯುತ್ತಾ ದಡ ಸೇರಿದೆ. ಡ್ರಮ್ಮನ್ನು ನನ್ನ ತೋಳಿನಿಂದ ಬಿಡಿಸಲು ಎಮ್ಮೆಯವನೂ ಕೈಜೋಡಿಸಬೇಕಾಯಿತು. "ನಿಮ್ಗೇನಾರ ಆಗಿದ್ರೆ ನನ್ ಗತಿ ಏನು?" ಎಂದು ಜಯಮ್ಮ ಬೈಯುತ್ತಲೇ ಅತ್ತಳು.

ಈಗ ಬಕೆಟ್ ತುಂಬಿದ್ದು ಕಂಡರೂ ನನಗೆ ಎದೆ ನಡುಗುತ್ತದೆ. ಚಿಲಕ ಹಾಕದೆಯೇ ಸ್ನಾನ ಮಾಡುತ್ತೇನೆ. ಅಡುಗೆಮನೆಯಿಂದ ಜಯಮ್ಮ ಆಗಾಗ ಕೂಗಿ ಕೇಳುತ್ತಾಳೆ:

"ರೀ, ಇದ್ದೀರಾ?"

"ಇದ್ದೀನಿ ಕಣೇ!"